ಕುರ್ಚಿಯ ಅಡಿಬರಹ

ಗೋಂದಣ್ಣನಿಗೆ ಆ ಅಡ್ಡಹೆಸರು ಇಟ್ಟವರು ಯಾರೆಂದು ಅವನಿಗೇ ಮರೆತುಹೋಗಿದೆ. ಕುರ್ಚಿ ರಿಪೇರಿ ಅವನ ಕಸುಬು. ಮೂವತ್ತನಾಲ್ಕು ವರ್ಷದಿಂದ ಉಗುರಿನ ಸಂದಿಯಲ್ಲಿ ಗೋಂದು ಒಣಗಿಕೊಂಡೇ ಇರುತ್ತದೆ, ಹಾಗಾಗಿ ಆ ಹೆಸರು ಎಂದು ಹೊರಗಿನವರು ತಿಳಿದಿದ್ದಾರೆ. ಮನೆಯವರು ಹೇಳುವ ಕಾರಣ ಬೇರೆ. ಒಂದು ಮಾತು ಬಾಯಿಂದ ಬಿತ್ತೆಂದರೆ, ಅದು ತಪ್ಪೆಂದು ಮರುಗಳಿಗೆಯಲ್ಲೇ ತನಗೆ ಗೊತ್ತಾದರೂ, ಅದಕ್ಕೇ ಅಂಟಿಕೊಂಡು ಕೂರುವ ಗುಣ ಅವನದು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ. ಅವನಿಗೆ ಮೀಸೆಯೇ ಇಲ್ಲ ಎಂಬುದು ಬೇರೆ ವಿಷಯ.

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಎದ್ದವನೇ ಇವತ್ತು ಶನಿವಾರ ಎಂದುಬಿಟ್ಟ. ಹೆಂಡತಿ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ನೀನು ಒಂದು ಹಾಳೆ ಹೆಚ್ಚಿಗೆ ಹರಿದಿದ್ದೀಯ ಎಂದ. ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದ. ಬೀದಿಗೆ ಬೀದಿಯೇ ಬಾಗಿಲು ಹಾಕಿತ್ತು. ಸಂಜೆಯವರೆಗೂ ಒಬ್ಬನೇ ಕೂತು, ಡಬ್ಬಿ ಖಾಲಿ ಮಾಡಿ, ಮನೆಗೆ ಬಂದು ‘ಶನಿವಾರವಾದರೂ ಒಬ್ಬ ಗಿರಾಕಿ ಬರಲಿಲ್ಲ’ ಎಂದ. ಈಗ ಇದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ. ಆಗ ನಕ್ಕಿರಲಿಲ್ಲ.

ಇಂಥವನಿಗೆ ಹೇಳಿದ್ದನ್ನೆಲ್ಲ ಹೂಂ ಎನ್ನುವ ಹೆಂಡತಿ ಸಿಗಬೇಕಿತ್ತು. ಸಿಕ್ಕವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಬೇರೆಯವರ ತಪ್ಪು ಹುಡುಕುವುದೇ ಅವಳ ನೌಕರಿ. ಪಕ್ಕದಲ್ಲಿ ಇನ್ನೊಬ್ಬಳು ಮೂಲಪ್ರತಿ ಹಿಡಿದು ಕೂತಿರುತ್ತಾಳೆ, ಇವಳು ಕರಡನ್ನು ಗಟ್ಟಿಯಾಗಿ ಓದಬೇಕು, ಅದೂ ಅಲ್ಪವಿರಾಮ ಪೂರ್ಣವಿರಾಮಗಳನ್ನೆಲ್ಲ ಬಾಯಲ್ಲಿ ಹೇಳುತ್ತಾ. ಆ ಅಭ್ಯಾಸ ಎಷ್ಟು ಬಲಿತಿತ್ತೆಂದರೆ ಔಷಧದ ಸೀಸೆಯ ಚೀಟಿಯನ್ನೂ ಹಾಗೇ ಓದುತ್ತಿದ್ದಳು. ಅಕ್ಷರ ಕಂಡರೆ ಬಿಡುವವಳಲ್ಲ. ಹಾಳೆ ಓದಿ ಮುಗಿದರೆ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಗೀಟು ಎಳೆಯುತ್ತಾಳೆ. ತಪ್ಪೆಲ್ಲ ನೋಡಿಯಾಯಿತು, ಇನ್ನು ಮುಂದಕ್ಕೆ ಕಳಿಸಬಹುದು ಎಂದು ಅದರ ಅರ್ಥ.

ಇರುವುದು ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾಳೆ. ತಾಯಿ ತಪ್ಪು ಹುಡುಕುವವಳು, ಮಗಳು ಚರ್ಮದ ಒಳಗಿರುವುದನ್ನು ನೋಡುವವಳು. ಈ ಎರಡು ಜೊತೆ ಕಣ್ಣುಗಳ ನಡುವೆ ಇಪ್ಪತ್ತೆರಡು ವರ್ಷ ಒಂದು ಗುಟ್ಟು ಕಾಪಾಡಿಕೊಂಡು ಬಂದೆನಲ್ಲ ಎಂದು ಗೋಂದಣ್ಣನಿಗೆ ಒಳಗೊಳಗೇ ಜಂಬವಿತ್ತು. ಆ ಗುಟ್ಟು ಇದ್ದದ್ದು ಊರಿನ ದೊಡ್ಡ ಹೋಟೆಲಿನಲ್ಲಿ, ಒಂದು ಕುರ್ಚಿಯ ಅಡಿಯಲ್ಲಿ.

ದೊಡ್ಡ ಹೋಟೆಲಿಗೆ ಬಾಗಿಲ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಬೇರೆ ಹೆಸರಿದೆ, ಆದರೆ ಜನ ಕರೆಯುವುದು ಹಾಗೆಯೇ. ಹಸಿವಾಯಿತೆಂದು ಯಾರೂ ಅಲ್ಲಿಗೆ ಹೋಗುವುದಿಲ್ಲ. ಮದುವೆ ಗೊತ್ತಾದರೆ, ಮಗ ಪರೀಕ್ಷೆ ಪಾಸಾದರೆ, ಯಜಮಾನರು ನಿವೃತ್ತರಾದರೆ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಹೋಗುತ್ತಾರೆ. ಎರಡಾಳೆತ್ತರದ ಬಾಗಿಲು, ಅಂಚಿನಲ್ಲಿ ಕಪ್ಪು ಚುಕ್ಕೆ ಹಿಡಿದ ಉದ್ದುದ್ದ ಕನ್ನಡಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಮೇಜುಬಟ್ಟೆ, ಹಿತ್ತಾಳೆ ಗುಂಡಿಯ ಕೋಟು ತೊಟ್ಟು ಪಿಸುಮಾತಿನಲ್ಲೇ ಎಲ್ಲವನ್ನೂ ಕೇಳುವ ಸಪ್ಲೈಯರುಗಳು. ಕುರ್ಚಿಗಳಂತೂ ಎತ್ತರದ ಬೆನ್ನಿನವು, ಕಪ್ಪು ಮರ, ಚರ್ಮದ ಸೀಟು, ಸುತ್ತ ಹಿತ್ತಾಳೆ ಮೊಳೆ. ಮೊದಲು ಅರವತ್ತನಾಲ್ಕು ಇದ್ದವು. ಮೂರು ದಪ್ಪ ಗಿರಾಕಿಗಳ ಕೈಯಲ್ಲಿ, ಅಲ್ಲ, ಬೇರೆ ಕಡೆಯಲ್ಲಿ ಸಿಕ್ಕಿ ನೆಗೆದುಬಿದ್ದು, ಉಳಿದದ್ದು ಅರವತ್ತೊಂದು.

ಸೋಮವಾರ ಹೋಟೆಲಿಗೆ ರಜೆ. ಆ ದಿನ ಗೋಂದಣ್ಣ ಹಿಂಬಾಗಿಲಿನಿಂದ ಒಳಗೆ ಹೋಗಿ, ಅಲ್ಲಾಡುವ ಕುರ್ಚಿಗಳನ್ನು ಸಾಮಾನು ಕೋಣೆಯಲ್ಲಿ ಬೋರಲು ಹಾಕಿಕೊಂಡು ಕೂರುತ್ತಾನೆ. ಯಾರು ಹಿಂದಕ್ಕೆ ವಾಲಿ ಕೂರುತ್ತಾರೆ, ಯಾರು ತುದಿಯಲ್ಲಿ ಹೆದರಿ ಕೂರುತ್ತಾರೆ, ಎಲ್ಲ ಕೀಲು ನೋಡಿ ಹೇಳಬಲ್ಲ. ಊರಿನ ದೊಡ್ಡವರನ್ನೆಲ್ಲ ನಾನು ಬಲ್ಲೆ, ಆದರೆ ಕೆಳಗಿನಿಂದ ಎಂದು ಅವನೇ ಹೇಳಿಕೊಳ್ಳುವುದುಂಟು.

ಅವನಿಗೆ ಕಸುಬು ಕಲಿಸಿದ ಮುದುಕ ಒಂದು ನಿಯಮ ಹಾಕಿದ್ದ. ಕುರ್ಚಿ ಬಿಚ್ಚಿದವನು ಸೀಟಿನ ಅಡಿಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆಯಬೇಕು, ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ಬರೆಯಬೇಕು. ಮುಂದೆ ಬಿಚ್ಚುವವನಿಗೆ ಅದೇ ದಾರಿ. ಅಲ್ಲಿ ಸುಳ್ಳು ಬರೆಯಬಾರದು, ಬರೆದದ್ದನ್ನು ಅಳಿಸಲೂ ಬಾರದು. ಮೇಲೆ ಎಷ್ಟು ಬೇಕಾದರೂ ಪಾಲಿಶ್ ಹಾಕು, ಅಡಿಯಲ್ಲಿ ಮಾತ್ರ ನಿಜ ಇರಲಿ ಎನ್ನುತ್ತಿದ್ದ ಮುದುಕ. ಗೋಂದಣ್ಣ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಬೇಕಾದ್ದಕ್ಕಿಂತ ಹೆಚ್ಚೇ ಪಾಲಿಸಿದ.

ಮದುವೆಯಾದ ವರ್ಷವೇ ಒಂದು ಸೋಮವಾರ. ಬೆಳಿಗ್ಗೆ ಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಗಿತ್ತು. ನೋಡಿಕೊಳ್ಳುತ್ತೇನೆ ಎಂದು ನಿಂತವನು ಇವನು, ಕಿಟಕಿಯಲ್ಲಿ ಬೆಕ್ಕಿನ ಜಗಳ ನೋಡುತ್ತಿದ್ದವನೂ ಇವನೇ. ಆದರೆ ಒಲೆ ಓರೆಯಾಗಿದೆ ಎಂದು ವಾದಿಸಿ, ಅದರ ಅಡಿಗೆ ಮರದ ಚಕ್ಕೆ ಬೇರೆ ಇಟ್ಟು ಬಂದಿದ್ದ. ಸಾಮಾನು ಕೋಣೆಯಲ್ಲಿ ಕುರ್ಚಿ ಮಗುಚಿ, ‘ಹಿಂದಿನ ಎಡಗಾಲು, ಹೊಸ ಗೂಟ’ ಎಂದು ಬರೆದ. ಪೆನ್ಸಿಲು ನಿಲ್ಲಲಿಲ್ಲ. ‘ಹಾಲು ಉಕ್ಕಿಸಿದ್ದು ನಾನು’ ಎಂದೂ ಬರೆಯಿತು. ಬರೆದ ಮೇಲೆ ಎಷ್ಟು ಹಗುರವಾಯಿತೆಂದರೆ ಗೋಂದಣ್ಣ ಶಿಳ್ಳೆ ಹಾಕಿಕೊಂಡು ಮನೆಗೆ ಹೋದ. ಹೋಗಿ, ಒಲೆ ಈಗ ಹೇಗಿದೆ ಎಂದು ಕೇಳಿದ.

ಅಲ್ಲಿಂದ ಅದೇ ಚಟವಾಯಿತು. ಮನೆಯಲ್ಲಿ ಮೀಸೆ ಮೇಲೆ, ಹೋಟೆಲಿನಲ್ಲಿ ಮಣ್ಣು. ‘ಕೊಡೆ ಬಸ್ಸಿನಲ್ಲಿ ಬಿಟ್ಟದ್ದು ನಾನು. ಕದ್ದರು ಅಂದೆ.’ ‘ಮಗುವಿಗೆ ಜ್ವರ ಇರುವುದು ಮೊದಲು ಗೊತ್ತಾದದ್ದು ಅವಳಿಗೆ. ನನಗೆ ಅಂದೆ.’ ಕುರ್ಚಿ ಓದುವುದಿಲ್ಲ, ಚಾಡಿ ಹೇಳುವುದಿಲ್ಲ, ಮೇಲೆ ಕೂತವರಿಗೆ ಕಾಣುವುದಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ನಲವತ್ತೊಂದನೇ ನಂಬರಿನ ಕುರ್ಚಿಯ ಕತೆ ಮಾತ್ರ ಹಾಲಿನದಲ್ಲ, ಕೊಡೆಯದಲ್ಲ.

ಹೆಂಡತಿಗೆ ಒಬ್ಬಳೇ ತಂಗಿ. ತಾಯಿ ತೀರಿಕೊಂಡಿದ್ದರಿಂದ ಮದುವೆಯಲ್ಲಿ ಅಕ್ಕನೇ ತಾಯಿಯಾಗಿ ಪಕ್ಕದಲ್ಲಿ ನಿಲ್ಲಬೇಕೆಂದು ಮಾತಾಗಿತ್ತು. ಮದುವೆ ಐದು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ, ಭಾನುವಾರ ಬೆಳಿಗ್ಗೆ. ಇವರು ಶನಿವಾರ ನಾಲ್ಕು ಗಂಟೆಯ ಬಸ್ಸಿಗೆ ಹೊರಡಬೇಕು. ಮಧ್ಯಾಹ್ನ ಹೋಟೆಲಿನಿಂದ ಕರೆ ಬಂತು, ಸಂಜೆ ದೊಡ್ಡ ಪಾರ್ಟಿ, ಮೂರು ಕುರ್ಚಿ ಅಲ್ಲಾಡುತ್ತಿವೆ ಎಂದು. ಹತ್ತು ನಿಮಿಷ ಎಂದು ಹೇಳಿ ಹೋದ. ನಿಮ್ಮ ಕೈ ಬಿದ್ದರೇನೇ ಈ ಕುರ್ಚಿಗಳಿಗೆ ಜೀವ ಎಂದು ಮ್ಯಾನೇಜರು ಒಂದು ಮಾತು ಹೇಳಿದ. ಗೋಂದಣ್ಣ ಉಬ್ಬಿ ಐದು ಕುರ್ಚಿ ಮಾಡಿದ. ಮನೆಗೆ ಬಂದಾಗ ಐದಕ್ಕೆ ಕಾಲು ಗಂಟೆ ಇತ್ತು. ಹೆಂಡತಿ ಮೂರು ವರ್ಷದ ಮಗಳನ್ನು ಸೊಂಟದ ಮೇಲಿಟ್ಟುಕೊಂಡು, ಪೆಟ್ಟಿಗೆಯ ಪಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಇವನು ಹೇಳಿಬಿಟ್ಟ, ನಾಲ್ಕರದೇ ಕೊನೆಯ ಬಸ್ಸು, ಅದು ಇವತ್ತು ಬೇಗ ಹೊರಟುಹೋಗಿದೆ, ನಿಲ್ದಾಣಕ್ಕೆ ಹೋಗಿ ನೋಡಿಯೇ ಬಂದೆ ಎಂದು.

ಹೇಳಿದ ಮರುಕ್ಷಣ ನೆನಪಾಯಿತು. ಆರು ಗಂಟೆಗೆ ಇನ್ನೊಂದು ಬಸ್ಸಿದೆ, ಸುತ್ತು ದಾರಿಯದು. ಇನ್ನೊಂದಿದೆ, ಬಾ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಾಯಿಂದ ‘ಕೊನೆಯ ಬಸ್ಸು’ ಎಂದು ಬಂದಾಗಿತ್ತಲ್ಲ, ಗೋಂದು ಒಣಗಿಬಿಟ್ಟಿತ್ತು. ಹೆಂಡತಿ ಪೆಟ್ಟಿಗೆಯ ಮೇಲೆ ಕೂತು ಅತ್ತಳು, ಅವಳನ್ನು ನೋಡಿ ಮಗುವೂ ಅತ್ತಿತು. ಇವನು ಒಳಗೆ ಹೋಗಿ ಟೀ ಮಾಡಿದ. ಗಡಿಯಾರ ಆರು ಹೊಡೆದಾಗ ಸಕ್ಕರೆ ಡಬ್ಬಿ ಹುಡುಕುವವನ ಹಾಗೆ ಬೆನ್ನು ತಿರುಗಿಸಿ ನಿಂತಿದ್ದ.

ಮರುದಿನ ಮೊದಲ ಬಸ್ಸಿಗೆ ಹೋಗಿ ತಲುಪುವಾಗ ಮದುವೆ ಮುಗಿದು ಬಾಡಿಗೆ ಕುರ್ಚಿಗಳನ್ನು ಮಡಚುತ್ತಿದ್ದರು. ತಂಗಿ ಎರಡು ವರ್ಷ ಅಕ್ಕನ ಜೊತೆ ಮಾತು ಬಿಟ್ಟಳು. ಆಮೇಲೆ ಮಾತು ಬಂತು, ಆದರೆ ಮಾತಿನಲ್ಲೊಂದು ಮುಳ್ಳು ಉಳಿಯಿತು. ಎಲ್ಲಿ ಸೇರಿದರೂ, ಅಕ್ಕನಿಗೆ ಬಸ್ಸು ಸಿಕ್ಕಿತಾ ಎಂದು ಕೇಳುವಳು. ಆಗೆಲ್ಲ ಹೆಂಡತಿ ಗಂಡನ ಪರ ನಿಲ್ಲುತ್ತಿದ್ದಳು. ಬಸ್ಸು ಬೇಗ ಹೊರಟರೆ ಅವರೇನು ಮಾಡಬೇಕು ಪಾಪ, ನಿಲ್ದಾಣಕ್ಕೆ ಹೋಗಿ ನೋಡಿಯೇ ಬಂದಿದ್ದರು ಎನ್ನುತ್ತಿದ್ದಳು. ಆ ‘ಪಾಪ’ ಕೇಳಿದಾಗ ಗೋಂದಣ್ಣ ತನ್ನ ಕಾಲಿನ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ನಾದಿನಿಯ ಮದುವೆಯ ಮುಂದಿನ ಸೋಮವಾರವೇ ಅವನು ನಲವತ್ತೊಂದನೇ ಕುರ್ಚಿಯ ಅಡಿಯಲ್ಲಿ ಬರೆದಿದ್ದ. ಈ ಸಲ ಶಿಳ್ಳೆ ಬರಲಿಲ್ಲ. ಆಮೇಲೆ ಒಂದು ಸಲ ಉಪ್ಪುಕಾಗದ ಹಿಡಿದು ಉಜ್ಜಿ ಅಳಿಸಲು ಹೋದ. ಮುದುಕನ ಮುಖ ನೆನಪಾಗಿ ಕೈ ಬರಲಿಲ್ಲ. ಸುಳ್ಳು ಹೇಳುವುದಕ್ಕೆ ಇಲ್ಲದ ನಾಚಿಕೆ ನಿಜ ಅಳಿಸುವುದಕ್ಕೆ ಬಂತು ನೋಡಿ.

ಇನ್ನು ಆ ಹೋಟೆಲಿಗೆ ಹೆಂಡತಿಯನ್ನು, ಅದೂ ಅಕ್ಷರ ಬಿಡದ ಹೆಂಡತಿಯನ್ನು, ಕರೆದುಕೊಂಡು ಹೋಗುವುದುಂಟೆ? ಒಂದು ಕರವಸ್ತ್ರ ಕೆಳಗೆ ಬಿದ್ದು ಅವಳು ಬಗ್ಗಿದರೆ ಸಾಕು, ಸಂಸಾರ ಮುಗಿಯಿತು. ವರ್ಷ ವರ್ಷ ಅವಳು ಕೇಳುವುದು, ವರ್ಷ ವರ್ಷ ಇವನು ನೆಪ ಹೇಳುವುದು. ಅಲ್ಲಿ ಸೂಪು ಸಪ್ಪೆ ಎಂದ. ಅಡುಗೆಮನೆ ನಾನು ನೋಡಿದ್ದೇನೆ, ನೋಡಿದವರು ಉಣ್ಣುವುದಿಲ್ಲ ಎಂದ. ಒಂದು ಚಮಚವನ್ನೂ ರುಚಿ ನೋಡಿದವನಲ್ಲ. ಕೊನೆಗೆ ಒಂದು ದಿನ ಅವಳು ತಲೆ ಬಾಚಿಕೊಳ್ಳುತ್ತಾ, ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದಳು.

“ನನ್ನ ಕರ್ಕೊಂಡು ಹೋಗೋಕೆ ನಾಚಿಕೆನಾ ನಿಮಗೆ?”

ಅದು ಅವನ ಎದೆಗೆ ನಾಟಿತು. ನಾಚಿಕೆ ನನ್ನ ಬಗ್ಗೆಯೇ ಎನ್ನಬೇಕೆಂದು ಬಾಯಿ ತೆರೆದ. ಬಂದ ಮಾತು, ಅಲ್ಲಿ ಸೂಪು ನಿಜವಾಗಲೂ ಸಪ್ಪೆ ಎಂದು. ಅವಳು ಆಮೇಲೆ ಕೇಳಲಿಲ್ಲ.

ಮೂವತ್ತನೇ ಮದುವೆ ದಿನಕ್ಕೆ ಮಗಳು ಯಾರನ್ನೂ ಕೇಳದೆ ದೊಡ್ಡ ಹೋಟೆಲಿನಲ್ಲಿ ಮೇಜು ಹಿಡಿದುಬಿಟ್ಟಳು. ಭಾನುವಾರ ಮಧ್ಯಾಹ್ನ, ಮೂವರಿಗೆ. ಹೆಂಡತಿಯ ಮುಖ ಅರಳಿದ್ದನ್ನು ನೋಡಿ ಗೋಂದಣ್ಣನಿಗೆ ಸಂತೋಷವಾಯಿತು, ಕೂಡಲೇ ನಲವತ್ತೊಂದನೇ ಕುರ್ಚಿ ನೆನಪಾಯಿತು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಅಚ್ಚುಕೂಟದಲ್ಲೆಲ್ಲ ಹೇಳಿ ಬಂದಿದ್ದಳು. ಓದುವ ಕನ್ನಡಕಕ್ಕೆ ಹೊಸ ಸರ ಬೇರೆ ಕೊಂಡಿದ್ದಳು.

ಹಿಂದಿನ ಸೋಮವಾರ ಅವನು ಹೋಟೆಲಿನಲ್ಲಿ ದಿನವಿಡೀ ಕುರ್ಚಿ ಮಗುಚಿದ್ದೇ ಮಗುಚಿದ್ದು. ಗೋಂದು, ಗೂಟ, ತಾರೀಕು ಬಿಟ್ಟು ಬೇರೇನೂ ಬರೆಯದ ಮೂರನ್ನು ಆರಿಸಿ, ಕಿಟಕಿ ಪಕ್ಕದ ಮೇಜಿಗೆ ಹಾಕಿದ. ನಲವತ್ತೊಂದನ್ನು ಅಡುಗೆಮನೆ ಬಾಗಿಲ ಬಳಿಯ ಕಂಬದ ಹಿಂದೆ ತಳ್ಳಿ, ಅದರ ಮೇಲೊಂದು ಹೂಕುಂಡ ಇಟ್ಟ. ಇದನ್ನು ಯಾರೂ ಮುಟ್ಟಬಾರದು, ಗೋಂದು ಹಸಿ ಇದೆ ಎಂದು ಹಿರಿಯ ಸಪ್ಲೈಯರನಿಗೆ ಹೇಳಿದ. ಹಿರಿಯ ಸಪ್ಲೈಯರ್ ಇಪ್ಪತ್ತೈದು ವರ್ಷದಿಂದ ಇವನ ಜೊತೆ ಕುರ್ಚಿ ಹೊತ್ತವನು. ಏನೋ ಹೇಳುವವನಂತೆ ಇವನ ಮುಖ ನೋಡಿ, ಆಗಲಿ ಎಂದ.

ಭಾನುವಾರ ಬಂತು. ಬೂಟು ಕಚ್ಚುತ್ತಿತ್ತು. ಗೋಂದಣ್ಣ ಮುಂದೆ, ತಾಯಿ ಮಗಳು ಹಿಂದೆ. ಹೋಟೆಲು ಹತ್ತಿರ ಬಂದ ಕೂಡಲೇ ಅವನ ಕಾಲು ತನ್ನ ಪಾಡಿಗೆ ಪಕ್ಕದ ಓಣಿಗೆ ತಿರುಗಿತು. ಕಸದ ಡಬ್ಬಗಳನ್ನು ದಾಟಿ, ತರಕಾರಿ ಸಿಪ್ಪೆ ತುಳಿದು, ಹಿಂಬಾಗಿಲ ಚಿಲಕಕ್ಕೆ ಕೈ ಹಾಕಿದ ಮೇಲೆಯೇ ಅವನಿಗೆ ಇವತ್ತು ತಾನು ಗಿರಾಕಿ ಎಂಬುದು ಹೊಳೆದದ್ದು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನಾನು ಯಾವಾಗಲೂ ಬರುವ ದಾರಿಯನ್ನು ನಿಮಗೂ ತೋರಿಸೋಣ ಅಂತ ಬಂದೆ ಎಂದ. ಹೌದು, ಒಳ್ಳೆಯ ದಾರಿ ಎಂದು ಹೆಂಡತಿ ಚಪ್ಪಲಿಗೆ ಅಂಟಿದ ಸಿಪ್ಪೆ ಬಿಡಿಸಿಕೊಂಡಳು.

ಒಳಗೆ ಎಲ್ಲ ಲೆಕ್ಕ ಹಾಕಿದ ಹಾಗೇ ಇತ್ತು. ಕಿಟಕಿ ಪಕ್ಕದ ಮೇಜು, ನಿರಪರಾಧಿ ಕುರ್ಚಿಗಳು ಮೂರು. ಹೆಂಡತಿ ಕನ್ನಡಕ ಏರಿಸಿ ಊಟದ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿ, ಎರಡು ತಪ್ಪು ಹಿಡಿದು, ತೃಪ್ತಿಯಿಂದ ಸುತ್ತ ನೋಡಿದಳು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಸರ ಸರಿಮಾಡಿಕೊಂಡಳು. ಇಷ್ಟಕ್ಕೆ ಮೂವತ್ತು ವರ್ಷ ಕಾಯಿಸಿದೆನಲ್ಲ ಎಂದು ಗೋಂದಣ್ಣನಿಗೆ ಅನಿಸಿತು. ಸೂಪು ಬಂತು. ಒಂದು ಚಮಚ ಕುಡಿದು ಅವಳು ಹುಬ್ಬೇರಿಸಿದಳು, ಸಪ್ಪೆ ಅಂದಿದ್ದಿರಲ್ಲ ಎಂದಳು. ಇವತ್ತೇನೋ ಅಪರೂಪಕ್ಕೆ ಚೆನ್ನಾಗಿ ಆಗಿದೆ ಎಂದು ಗೋಂದಣ್ಣ ತನ್ನ ಬಟ್ಟಲನ್ನು ಓರೆ ಮಾಡಿ ಕೊನೆಯ ಹನಿ ತೆಗೆದ.

ಅಷ್ಟರಲ್ಲಿ ಪಕ್ಕದ ಮೇಜಿಗೆ ನಿವೃತ್ತರಾದ ಯಾರೋ ಸಾಹೇಬರ ಸಂಸಾರ ಬಂತು. ಆರು ಕುರ್ಚಿ, ಏಳು ಜನ. ಉಳಿದದ್ದು ಸ್ವತಃ ಸಾಹೇಬರು, ಮೂವರಿಗಾಗುವಷ್ಟು ದೇಹ. ಹೊಸಬ ಸಪ್ಲೈಯರ್ ಒಬ್ಬ ಸುತ್ತ ನೋಡಿ, ಕಂಬದ ಹಿಂದಿನಿಂದ ಹೂಕುಂಡ ಇಳಿಸಿ, ಕುರ್ಚಿ ತಂದು ಹಾಕಿದ. ಗೋಂದಣ್ಣನ ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಕೂರಲಿ, ಕೂತರೆ ಏನಾಗುತ್ತದೆ, ಅಡಿ ಕಾಣುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡು ನುಂಗಿದ. ನಿಜ ಹೇಳಬೇಕೆಂದರೆ, ಅವನು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಸಾಹೇಬರು ಕೂತರು, ಹಿಂದಕ್ಕೆ ವಾಲಿದರು, ಕುರ್ಚಿ ಟಕ್ ಎಂದಿತು. ಇನ್ನೊಮ್ಮೆ ವಾಲಿದರು, ಇನ್ನೊಮ್ಮೆ ಟಕ್ ಎಂದಿತು. ಈ ಕುರ್ಚಿಯನ್ನು ಯಾವ ಪುಣ್ಯಾತ್ಮ ರಿಪೇರಿ ಮಾಡಿದ್ದು ಎಂದು ಹಾಲ್‌ಗೆಲ್ಲ ಕೇಳುವ ಹಾಗೆ ಕೇಳಿದರು. ಗೋಂದಣ್ಣನ ಹೆಂಡತಿ ಚಮಚ ಕೆಳಗಿಟ್ಟು, ತುಟಿಯಂಚಿನಲ್ಲಿ ನಕ್ಕು, ನಿಮ್ಮದೇನಾ ಎಂದಳು.

ಅಷ್ಟೇ. ಗುಟ್ಟು, ಹೂಕುಂಡ, ಇಪ್ಪತ್ತೆರಡು ವರ್ಷ, ಎಲ್ಲ ಅವನ ತಲೆಯಿಂದ ಹಾರಿಹೋಯಿತು. ಉಳಿದದ್ದು ಒಂದೇ, ಆ ಕೀಲು ತಾನು ಕೂಡಿಸಿದ್ದು, ಅದು ಬಿಟ್ಟಿಲ್ಲ, ತಪ್ಪು ತನ್ನದಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುವವರು ನಗಲಿ, ಅಲ್ಲಿ ನಿಜವಾಗಲೂ ನೆಲದ ಕಲ್ಲು ಒಂದು ಬೆರಳು ಕುಸಿದಿತ್ತು. ಅವನು ಎದ್ದು ಹೋಗಿ, ಸಾಹೇಬರನ್ನು ಏಳಿಸಿ, ಕುರ್ಚಿಯನ್ನು ಎತ್ತಿ, ತುಂಬಿದ ಹಾಲ್‌ನ ನಡುವೆ ಬೋರಲು ಹಾಕಿದ. ನಾಲ್ಕು ಕಾಲನ್ನೂ ಹಿಡಿದು ಅಲ್ಲಾಡಿಸಿ ತೋರಿಸಿದ. ಒಂದೂ ಅಲುಗಲಿಲ್ಲ. ಎದೆ ಸೆಟೆದು ಹೆಂಡತಿಯನ್ನು ಕರೆದ.

“ಬಾ ಇಲ್ಲಿ, ನೀನೇ ಓದು. ತಾರೀಕು ಸಮೇತ ಬರೆದಿದೀನಿ.”

ಅವಳು ಬಂದಳು. ಕನ್ನಡಕ ಮೂಗಿನ ಮೇಲೇ ಇತ್ತು. ಬಗ್ಗಿ, ಅಚ್ಚುಕೂಟದ ಆ ಏರಿಳಿತವಿಲ್ಲದ ದನಿಯಲ್ಲಿ ಗಟ್ಟಿಯಾಗಿ ಓದತೊಡಗಿದಳು. ತಾರೀಕು ಓದುವಾಗ ಗೋಂದಣ್ಣ ತಲೆಯಾಡಿಸುತ್ತಿದ್ದ.

“ಮುಂದಿನ ಬಲಗಾಲು, ಅಲ್ಪವಿರಾಮ, ಹೊಸ ಗೂಟ, ಪೂರ್ಣವಿರಾಮ. ಆರು ಗಂಟೆಗೆ ಇನ್ನೊಂದು ಬಸ್ಸು ಇತ್ತು, ಪೂರ್ಣವಿರಾಮ. ಇಲ್ಲ ಅಂದೆ, ಪೂರ್ಣವಿರಾಮ. ತಪ್ಪು...”

ದನಿ ಅಲ್ಲಿಗೆ ನಿಂತಿತು. ಅವಳು ಮತ್ತೆ ಮೇಲಕ್ಕೆ ಹೋಗಿ ತಾರೀಕು ನೋಡಿದಳು. ಗೋಂದಣ್ಣನ ತಲೆ ಇನ್ನೂ ಆಡುತ್ತಲೇ ಇತ್ತು, ನಿಲ್ಲಿಸಬೇಕೆಂಬುದು ಅದಕ್ಕೆ ತಡವಾಗಿ ತಿಳಿಯಿತು. ಕುರ್ಚಿಯ ಕಾಲು ಹಿಡಿದ ಕೈ ಬಿಡಲು ಬರಲಿಲ್ಲ. ಕತ್ತೆ, ಕರೆದು ತೋರಿಸಿದೆಯಲ್ಲೋ ಎಂದು ತನಗೆ ತಾನೇ ಬೈದುಕೊಂಡ. ಮಾಡಿದ್ದುಣ್ಣೋ ಮಾರಾಯ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು, ಅದೂ ಬಿಳಿ ಮೇಜುಬಟ್ಟೆಯ ಮೇಲೆ.

ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ಉಳಿದ ಸೂಪನ್ನು ಕುಡಿದಳು, ನಿಧಾನವಾಗಿ, ಒಂದೊಂದೇ ಚಮಚ. ಮಗಳು ತಾಯಿಯನ್ನೂ ತಂದೆಯನ್ನೂ ನೋಡಿದಳು. ಅಡ್ಡ ಮಾತು ಆಡಬಾರದೆಂದು ಅವಳಿಗೆ ಗೊತ್ತಾಯಿತು. ಸಾಹೇಬರು ನಿಂತೇ ಇದ್ದರು. ನಾನು ಕೂತುಕೊಳ್ಳಬಹುದೇ ಎಂದು ಮೆಲ್ಲಗೆ ಕೇಳಿದರು. ಒಂದು ನಿಮಿಷ ಎಂದು ಹೆಂಡತಿ ಕೈ ಎತ್ತಿದಳು. ಸಾಹೇಬರು ನಿಂತರು.

ಅವಳು ಮಗಳ ಫೋನು ತೆಗೆದುಕೊಂಡು ತಂಗಿಗೆ ಹಚ್ಚಿದಳು. ನಿನ್ನ ಭಾವ ಏನೋ ಹೇಳಬೇಕಂತೆ ಎಂದು ಹೇಳಿ, ಎಲ್ಲರಿಗೂ ಕೇಳುವ ಹಾಗೆ ಗುಂಡಿ ಒತ್ತಿ, ಫೋನನ್ನು ಗಂಡನ ಕೈಗೆ ಕೊಟ್ಟಳು. ಗೋಂದಣ್ಣ ಗಂಟಲು ಸರಿಮಾಡಿಕೊಂಡ. ಆ ದಿನ ರಸ್ತೆ ಹೇಗಿತ್ತೆಂದರೆ ಎಂದು ಶುರು ಮಾಡಿದ.

“ಬರೆದಿರೋ ಅಷ್ಟೇ ಹೇಳಿ,” ಎಂದಳು ಹೆಂಡತಿ.

ಮೂವತ್ತು ವರ್ಷ ಪೆನ್ಸಿಲಿನಿಂದ ಸರಾಗವಾಗಿ ಬಂದ ಮಾತು ಗಂಟಲಿನಿಂದ ಬರಲು ಎಷ್ಟು ಕಷ್ಟಪಟ್ಟಿತೆಂದರೆ, ಅವನಿಗೆ ಕುರ್ಚಿಯ ಹಳೆ ಗೂಟ ಕೀಳುವುದು ನೆನಪಾಯಿತು. ಆರು ಗಂಟೆಗೆ ಬಸ್ಸಿತ್ತು ಎಂದ. ಇಲ್ಲ ಅಂದೆ ಎಂದ. ನಿನ್ನ ಅಕ್ಕನಿಗೆ ಗೊತ್ತಿರಲಿಲ್ಲ ಎಂದ, ಇದು ಬರೆದದ್ದರಲ್ಲಿ ಇರಲಿಲ್ಲ. ತಪ್ಪು ನನ್ನದು ಎಂದ. ಆ ಕಡೆಯಿಂದ ನಾದಿನಿಯ ದನಿ ಬಂತು.

“ಒಂದ್ನಿಮಿಷ ಇರಿ ಭಾವ, ನಮ್ಮೋರನ್ನ ಕರೀತೀನಿ. ಅವರ ಮುಂದೆ ಇನ್ನೊಂದ್ಸಲ ಹೇಳಿ.”

ಇನ್ನೊಂದು ಸಲ ಹೇಳಿದ. ಸಾಹೇಬರ ಮನೆಯವರು ತಮ್ಮ ಊಟ ಬಿಟ್ಟು ಇವನನ್ನೇ ನೋಡುತ್ತಿದ್ದರು. ಎರಡನೆಯ ಸಲ ಸ್ವಲ್ಪ ಸುಲಭವಾಯಿತು ಎಂದು ಗೋಂದಣ್ಣ ಈಗಲೂ ಹೇಳುತ್ತಾನೆ. ಆಮೇಲೆ ನಾದಿನಿ, ಅಕ್ಕನಿಗೆ ಫೋನು ಕೊಡಿ ಎಂದಳು. ಅಕ್ಕತಂಗಿಯರು ಏನು ಮಾತಾಡಿದರೋ, ಆ ಕಡೆ ಅಳು, ಈ ಕಡೆ ಅಳು, ನಡುನಡುವೆ ನಗು. ಇಷ್ಟು ವರ್ಷ ಸುಮ್ಮಸುಮ್ಮನೆ ನಿನ್ನನ್ನು ಚುಚ್ಚಿದೆನಲ್ಲ ಎಂದು ತಂಗಿ ಹೇಳುತ್ತಿದ್ದದ್ದು ಮಾತ್ರ ಅವನ ಕಿವಿಗೆ ಬಿತ್ತು.

ಫೋನು ಕೆಳಗಿಟ್ಟು ಅವಳು ಗಂಡನನ್ನು ನೋಡಿದಳು.

“ನನ್ನ ಸಿಟ್ಟು ಬಸ್ಸು ತಪ್ಪಿದ್ದಕ್ಕಲ್ಲ ರೀ. ಎಲ್ಲಾರಿಂದನೂ ಮಾತು ಕೇಳಿಸ್ಕೊಂಡು, ನಿಮ್ಮ ಸುಳ್ಳನ್ನ ನಾನು ನಿಜ ಅಂತ ಹೇಳ್ಕೊಂಡು ತಿರುಗಿದ್ನಲ್ಲ. ಅದಕ್ಕೆ.”

“ತಪ್ಪು ನಂದೇ,” ಎಂದ ಗೋಂದಣ್ಣ. ಈ ಸಲ ಯಾರೂ ಹೇಳಿಸಿರಲಿಲ್ಲ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಹೋಗಿ ಮೇಜುಬಟ್ಟೆಯ ತುದಿಯನ್ನೇ ಎಳೆದುಕೊಂಡ.

ಹೆಂಡತಿ ಕೈ ನೀಡಿ ಅವನ ಜೇಬಿನ ಪೆನ್ಸಿಲು ತೆಗೆದುಕೊಂಡಳು. ಗಿರಾಕಿಯಾಗಿ ಬಂದರೂ ಪೆನ್ಸಿಲು ತರುವುದನ್ನು ಅವನು ಬಿಟ್ಟಿರಲಿಲ್ಲ. ಎದ್ದು ಹೋಗಿ, ಬೋರಲು ಬಿದ್ದಿದ್ದ ಕುರ್ಚಿಯ ಮೂಲೆಯಲ್ಲಿ ಸಣ್ಣದೊಂದು ಗೀಟು ಎಳೆದು, ಅದನ್ನು ನೆಟ್ಟಗೆ ನಿಲ್ಲಿಸಿ, ಈಗ ಕೂತುಕೊಳ್ಳಿ ಎಂದಳು. ಸಾಹೇಬರು ಕೂತರು. ಕುರ್ಚಿ ಟಕ್ ಎಂದಿತು. ನೆಲ ಡೊಂಕಿದೆ ಎಂದು ಯಾರೂ ಒಪ್ಪಲಿಲ್ಲ. ಜೀವಮಾನದಲ್ಲಿ ಒಂದು ಸಲ ಗೋಂದಣ್ಣ ಸರಿ ಇದ್ದ, ಕೇಳುವವರಿಲ್ಲ.

ಇಂಥವು ಇನ್ನೆಷ್ಟು ಕುರ್ಚಿ ಇವೆ ಎಂದು ಅವಳು ಹಿರಿಯ ಸಪ್ಲೈಯರನನ್ನು ಕೇಳಿದಳು. ಒಟ್ಟು ಅರವತ್ತೊಂದು ಎಂದು ಅವನು ಪಿಸುಮಾತಿನಲ್ಲಿ ಹೇಳಿ, ನಾವೆಲ್ಲ ಯಾವತ್ತಿನಿಂದಲೋ ಓದುತ್ತಿದ್ದೇವೆ ಅಮ್ಮ, ಹೊಸಬರು ಸೇರಿದರೆ ಮೊದಲು ಅದನ್ನೇ ತೋರಿಸುವುದು ಎಂದು ಸೇರಿಸಿದ. ಹಾಲು ಉಕ್ಕಿಸಿದ ಕುರ್ಚಿ ಅಡುಗೆಯವರಿಗೆ ಅಚ್ಚುಮೆಚ್ಚಂತೆ. ಗೋಂದಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಒಂದು ಬೆರಳಷ್ಟು ಕುಸಿದಿದ್ದ ಆ ಭೂಮಿ ಇನ್ನಷ್ಟು ಕುಸಿಯಲಿಲ್ಲ.

ಹೆಂಡತಿ ಮನಸ್ಸಿನಲ್ಲೇ ಏನೋ ಕೂಡಿ ಕಳೆದಳು.

“ಒಂದು ಆಯ್ತು. ಉಳಿದಿದ್ದು ಅರವತ್ತು. ಪ್ರತಿ ವರ್ಷ ಇದೇ ದಿನ ಬರೋಣ, ವರ್ಷಕ್ಕೆ ಮೂರು. ಮಗುಚೋದು ಬೇಡ, ನಾನು ಓದೋದೂ ಇಲ್ಲ. ಕೂತ್ಕೊಂಡು ನೀವೇ ಬಾಯಲ್ಲಿ ಹೇಳಿ.”

ಹಾಗೆಂದು ಹೇಳಿ ಊಟದ ಪಟ್ಟಿ ತೆಗೆದು, ಕೊನೆಯಲ್ಲಿ ಪುಡಿಂಗ್ ಇದೆಯಲ್ಲ, ಅದೂ ಬರಲಿ ಎಂದಳು. ದನಿಯಲ್ಲಿ ಇನ್ನೂ ಅಳುವಿತ್ತು, ಸಿಟ್ಟೂ ಇತ್ತು. ಗೋಂದಣ್ಣ ಲೆಕ್ಕ ಹಾಕಿದ. ಅರವತ್ತಕ್ಕೆ ಇಪ್ಪತ್ತು ವರ್ಷ. ಈಗ ತನಗೆ ಐವತ್ತೆಂಟು, ಆಗ ಎಪ್ಪತ್ತೆಂಟು. ಇಷ್ಟೆಲ್ಲ ಓದಿದ ಮೇಲೂ ಇವಳು ಇನ್ನೂ ಇಪ್ಪತ್ತು ವರ್ಷ ತನ್ನ ಎದುರು ಕೂತು ಊಟ ಮಾಡುವ ಯೋಚನೆಯಲ್ಲಿದ್ದಾಳೆ.

ಅವನು ಒಂದು ಮಾತು ಹೇಳಬೇಕಿತ್ತು. ಅರವತ್ತರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುರ್ಚಿಗಳ ಅಡಿಯಲ್ಲಿ ತಪ್ಪೊಪ್ಪಿಗೆ ಏನೂ ಇರಲಿಲ್ಲ, ಬರೀ ಗೋಂದು, ಗೂಟ, ತಾರೀಕು. ಹೇಳಿದರೆ ಏಳು ವರ್ಷ ಕಡಿಮೆಯಾಗುತ್ತದೆ. ಬಾಯಿ ತೆರೆದ, ಪುಡಿಂಗ್ ಬಂತು, ಮುಚ್ಚಿದ.

ಮರುದಿನ ಸೋಮವಾರ. ಹಿಂಬಾಗಿಲಿನಿಂದ ಒಳಗೆ ಹೋಗಿ, ಮೊದಲು ನೆಲದ ಕಲ್ಲಿನ ಕೆಳಗೆ ಮರಳು ತುಂಬಿಸಿ ಸಮ ಮಾಡಿದ. ಆಮೇಲೆ ಹೆಂಡತಿ ಕೂತಿದ್ದ ಕುರ್ಚಿಯನ್ನು ಬೋರಲು ಹಾಕಿ, ತಾರೀಕು ಹಾಕಿ, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡು ಬರೆದ: ‘ಕೀಲು ಸರಿ ಇದೆ. ಇದರ ಅಡಿಯಲ್ಲಿ ಏನೂ ಇರಲಿಲ್ಲ. ಅವಳಿಗೆ ಹೇಳಲಿಲ್ಲ.’